ಎಡದಿಂದ ಬಂದದ್ದು ಬಲಕ್ಕೆ

ಇಟ್ಟಿಗೆ ಸುಡುವ ಗೂಡಿನ ಬಾಯಿಂದ ಲಾರಿಯ ಹಿಂಬದಿಯವರೆಗೆ ಹೆಂಗಸರು ಸಾಲಾಗಿ ನಿಂತರೆಂದರೆ ಇಟ್ಟಿಗೆಗೆ ರೆಕ್ಕೆ ಬಂದ ಹಾಗೆ. ಒಬ್ಬಳ ಕೈಯಿಂದ ಹಾರಿದ್ದು ಪಕ್ಕದವಳ ಕೈಗೆ, ಅಲ್ಲಿಂದ ಮತ್ತೊಬ್ಬಳ ಕೈಗೆ. ನೆಲ ಮುಟ್ಟುವ ಮಾತೇ ಇಲ್ಲ. ಚರ್ಮ ಸುಲಿಯದಿರಲೆಂದು ಹಳೆಯ ಟಯರಿನ ಟ್ಯೂಬು ಕತ್ತರಿಸಿ ಎಲ್ಲರೂ ಅಂಗೈಗೆ ಕಟ್ಟಿಕೊಳ್ಳುತ್ತಿದ್ದರು. ಲಾರಿಯ ಮೇಲೆ ನಿಂತು ಜೋಡಿಸುವವಳು ಸಾಲಿನ ಬಾಲ. ಗೂಡಿನ ಬಾಯಲ್ಲಿ ನಿಂತು ಮೊದಲ ಇಟ್ಟಿಗೆ ಎತ್ತುವವಳು ಸಾಲಿನ ತಲೆ.

ಆ ತಲೆಯ ಜಾಗ ದೊಡ್ಡಕ್ಕನದು. ಅವಳಿಗಿಂತ ವಯಸ್ಸಾದವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಎಡಗಡೆಯ ರಾಶಿಯಿಂದ ಜೋಡಿ ಇಟ್ಟಿಗೆ ಎತ್ತಿ ಒಂದಕ್ಕೊಂದು ತಟ್ಟುತ್ತಿದ್ದಳು. ಬೆಂದ ಇಟ್ಟಿಗೆಯಾದರೆ ಟಣ್ ಎನ್ನುತ್ತಿತ್ತು, ಹಸಿ ಉಳಿದದ್ದು ಥಪ್ ಎನ್ನುತ್ತಿತ್ತು. ಥಪ್ ಅಂದದ್ದು ಪಕ್ಕಕ್ಕೆ, ಟಣ್ ಅಂದದ್ದು "ಹಾಂ" ಎಂಬ ಕೂಗಿನೊಂದಿಗೆ ಬಲಗಡೆಗೆ. ಆ ಹಾಂಕಾರಕ್ಕೆ ಇಡೀ ಸಾಲು ತೂಗುತ್ತಿತ್ತು. ಅವಳ ಕೈಯಿಂದ ಹೊರಟ ಇಟ್ಟಿಗೆ ಈವರೆಗೂ ನೆಲ ಕಂಡದ್ದಿಲ್ಲ ಎಂಬ ಮಾತು ಆ ಅಂಗಳದಲ್ಲಿ ಜನಜನಿತವಾಗಿತ್ತು. ಯಾರಾದರೂ ಅದನ್ನು ಹೇಳಿದರೆ ದೊಡ್ಡಕ್ಕ ಕೇಳಿಸದವಳಂತೆ ಸೆರಗು ಬಿಗಿಯುತ್ತಿದ್ದಳು. ಕೇಳಿಸಿರುತ್ತಿತ್ತು.

ಸಾಲಿಗೆ ಒಂದೇ ಕಟ್ಟಳೆ. ಎಡದಿಂದ ಬಂದದ್ದು ಬಲಕ್ಕೆ ಹೋಗಬೇಕು, ಹಿಂದಕ್ಕೆ ಬರಕೂಡದು. ಒಮ್ಮೆ ಹೊಸದಾಗಿ ಸೇರಿದವಳೊಬ್ಬಳು ತಮಾಷೆಗೆಂದು ಕೊಟ್ಟವಳಿಗೇ ತಿರುಗಿ ಎಸೆದಿದ್ದಳು. ದೊಡ್ಡಕ್ಕ ಕೆಲಸ ನಿಲ್ಲಿಸಿ ಅವಳ ಮುಂದೆ ಹೋಗಿ ನಿಂತಳು.

"ಮುಖ ಇಟ್ಟಿಗೆಗಿಂತ ಮೆತ್ತಗಿರುತ್ತೆ, ಗೊತ್ತೇನೆ ನಿಂಗೆ?"

ಅಷ್ಟೇ. ಆಮೇಲೆ ಆ ಅಂಗಳದಲ್ಲಿ ಯಾರೂ ಯಾವುದನ್ನೂ ಹಿಂದಕ್ಕೆ ಎಸೆಯಲಿಲ್ಲ.

ಇಂಥ ದೊಡ್ಡಕ್ಕ ಒಂದು ಸಂಗತಿಯನ್ನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಅವಳ ಬಲಗಣ್ಣು ಹೋಗಿತ್ತು. ಒಂದೇ ದಿನಕ್ಕೆ ಹೋದದ್ದಲ್ಲ. ಹೊಗೆ ಹಿಡಿದ ಲಾಟೀನಿನ ಗಾಜಿನಂತೆ ಅಂಚಿನಿಂದ ಮಸುಕಾಗುತ್ತ ನಡುವಿಗೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಎಡಗಣ್ಣು ಮುಚ್ಚಿದ ಒಂದು ಮಧ್ಯಾಹ್ನ ಸೂಜಿಯೂ ಇಲ್ಲ, ದಾರವೂ ಇಲ್ಲ, ತನ್ನ ಕೈಯೂ ಇಲ್ಲ. ಯಾರಿಗೂ ಹೇಳದೆ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದಳು. ಒಳಗಿನ ನರ ಒಣಗಿದೆ, ಕನ್ನಡಕದಿಂದ ಆಗುವಂಥದ್ದಲ್ಲ, ಇರುವ ಕಣ್ಣನ್ನು ಜೋಪಾನ ಮಾಡಿಕೊಳ್ಳಿ ಎಂದರು. ಗಂಡನಿಗೆ "ತಲೆನೋವಿಗೆ ಮಾತ್ರೆ ಕೊಟ್ರು" ಎಂದು ಹೇಳಿ ಮುಗಿಸಿದಳು.

ಹೇಳಿದರೆ ಸಾಲಿನ ತಲೆ ಹೋಗುತ್ತಿತ್ತು. ಕಣ್ಣು ಸರಿಯಿಲ್ಲದವರನ್ನು ಮೇಸ್ತ್ರಿ ಅಲ್ಲಿ ನಿಲ್ಲಿಸುವವನಲ್ಲ, ನಿಲ್ಲಿಸಲೂಬಾರದು. ದೊಡ್ಡಕ್ಕನೇ ಮೇಸ್ತ್ರಿಯಾಗಿದ್ದರೂ ನಿಲ್ಲಿಸುತ್ತಿರಲಿಲ್ಲ. ಇದು ಗೊತ್ತಿದ್ದೂ ಅವಳು ನಿಲ್ಲುತ್ತಿದ್ದಳು. ರಾಶಿ ಎಡಗಡೆ, ಎತ್ತುವುದಕ್ಕೆ ಎಡಗಣ್ಣು ಸಾಕು. ಎಸೆಯುವುದು ಬಲಗಡೆಗೆ, ಅಲ್ಲಿ ನಿಂತಿರುವವಳು ತನ್ನ ವಾರಗಿತ್ತಿ, ಮೈದುನನ ಹೆಂಡತಿ. ಅವಳು ಮದುವೆಯಾಗಿ ಬಂದ ವರ್ಷವೇ ಇಟ್ಟಿಗೆ ಹಿಡಿಯುವುದನ್ನು ಕಲಿಸಿದವಳು ತಾನು. ಅವಳ ಕೈ ಎಲ್ಲಿರುತ್ತದೆಂದು ನಿದ್ದೆಗಣ್ಣಲ್ಲೂ ಗೊತ್ತು, ನೋಡುವುದೇನು ಬಂತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಹೀಗಿರುವಾಗ ಆಟ ಬಂತು.

ಪಕ್ಕದ ನೂಲಿನ ಗಿರಣಿಯ ಹೆಂಗಸರದೊಂದು ಹ್ಯಾಂಡ್‌ಬಾಲ್ ತಂಡವಿತ್ತು. ಗಿರಣಿಯ ಮೇಲ್ವಿಚಾರಕ ಚಹಾದಂಗಡಿಯಲ್ಲಿ ಮೇಸ್ತ್ರಿಯನ್ನು ಕೆಣಕಿದ್ದ: "ನಿಮ್ಮವರು ದಿನಾ ಎಸೀತಾರೆ, ಹಿಡೀತಾರೆ. ಒಂದು ಚೆಂಡು ಹಿಡಿಯೋಕೆ ಬರಲ್ವಾ?" ಮೇಸ್ತ್ರಿಗೆ ಮೈಗೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ಅಲ್ಲೇ ಪಂದ್ಯ ಒಪ್ಪಿಕೊಂಡು ಬಂದ. ಅವನ ತಂಗಿಯ ಮಗಳು ಶಾಲೆಯೊಂದರಲ್ಲಿ ಆಟದ ಟೀಚರು. ಅವಳನ್ನು ಕರೆಸಿದ. ಗೂಡಿಗೆ ಬೆಂಕಿಯಿಟ್ಟ ಕಾಲ ಅದು. ಬೇಯುವವರೆಗೆ, ಬೆಂದು ಆರುವವರೆಗೆ ಸಾಲಿಗೆ ಕೆಲಸವಿರುವುದಿಲ್ಲ. ಸಂಜೆಗಳೆಲ್ಲ ಬಿಡುವು.

ಟೀಚರು ಬಂದವಳೇ ಹಸಿ ಇಟ್ಟಿಗೆ ಒಣಗಿಸುವ ಅಂಗಳವನ್ನು ಗುಡಿಸಿ, ಇಟ್ಟಿಗೆ ಪುಡಿಯಲ್ಲಿ ಗೆರೆ ಎಳೆದಳು. ಎರಡು ತುದಿಗೂ ಬಿದಿರಿನ ಗೋಲು ಕಂಬ. ಕಂಬಕ್ಕೆ ಹಗ್ಗ ಕಟ್ಟಿ ಸುತ್ತು ಹೊಡೆದು ಗೋಲಿನ ಮುಂದೆ ದೊಡ್ಡದೊಂದು ಅರ್ಧಚಂದ್ರ ಬಿಡಿಸಿದಳು.

"ಈ ಗೆರೆಯ ಒಳಗೆ ಗೋಲು ಕಾಯೋರು ಬಿಟ್ಟು ಬೇರೆ ಯಾರೂ ಕಾಲಿಡೋ ಹಾಗಿಲ್ಲ."

"ಮತ್ತೆ ಗೋಲು ಹೊಡೆಯೋದು ಹೆಂಗೆ? ಮನೇಲಿ ಕೂತ್ಕೊಂಡಾ?" ಎಂದಳು ರೇಡಿಯೋ. ಬೆಳಗ್ಗೆ ಹಚ್ಚಿದರೆ ಸಂಜೆಯವರೆಗೆ ಆರದ ಬಾಯಿ ಅವಳದು, ಅದಕ್ಕೇ ಆ ಹೆಸರು.

"ಗೆರೆಯಾಚೆಯಿಂದ ಹೊಡೀಬೇಕು. ಇಲ್ಲಾ ಅಂದ್ರೆ ಗೆರೆಯ ಹೊರಗಿಂದ ಜಿಗಿದು, ಒಳಗಡೆ ಗಾಳಿಯಲ್ಲಿ ಇರುವಾಗಲೇ ಚೆಂಡು ಬಿಡಬೇಕು. ಕಾಲು ನೆಲಕ್ಕೆ ತಾಗೋದರೊಳಗೆ ಚೆಂಡು ಕೈ ಬಿಟ್ಟಿರಬೇಕು."

"ಅಂದ್ರೆ ನೆಲ ಅವರದು, ಗಾಳಿ ನಮ್ಮದು," ಎಂದಳು ದೊಡ್ಡಕ್ಕ.

ಟೀಚರು ನಕ್ಕು, "ಅಷ್ಟೇ ದೊಡ್ಡಕ್ಕ," ಎಂದಳು.

ಚೆಂಡು ಸಣ್ಣದು, ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿಯಬಹುದಾದಷ್ಟು. ಹಿಡಿಯುವ ಪಾಠ ಒಂದು ಗಳಿಗೆಯಲ್ಲಿ ಮುಗಿಯಿತು. ಹೆಬ್ಬೆರಳುಗಳನ್ನು ಹತ್ತಿರ ತಂದು, ಬೆರಳು ಅಗಲಿಸಿ, ಚೆಂಡು ಬಂದಂತೆ ಕೈಯನ್ನು ಎದೆಯತ್ತ ಹಿಂದಕ್ಕೆ ಬಿಡಬೇಕು ಎಂದು ತೋರಿಸಿದಳು. ಬರುವ ಭಾರಕ್ಕೆ ಕೈ ಸೋಲುವುದು ಇವರಿಗೆ ಹೊಸದೇ? ಎಸೆಯುವುದರಲ್ಲಿ ಮಾತ್ರ ಎಲ್ಲರೂ ಮುಗ್ಗರಿಸಿದರು. ಇಟ್ಟಿಗೆಯನ್ನು ಸೊಂಟದ ಹತ್ತಿರದಿಂದ ತೂಗಿ ಬಿಡುವ ರೂಢಿ. ಚೆಂಡನ್ನೂ ಹಾಗೇ ತೂಗಿ ಬಿಟ್ಟರು.

"ಮೊಣಕೈ ಹೆಗಲಿಗಿಂತ ಮೇಲೆ! ಮಗು ತೊಟ್ಟಿಲು ತೂಗ್ತಾ ಇದೀರಾ?"

ಸಾಲಿನಲ್ಲಿ ಎಲ್ಲರಿಗಿಂತ ದಪ್ಪಗಿದ್ದ, ಎಲ್ಲರೂ ಕಪಾಟು ಎಂದು ಕರೆಯುತ್ತಿದ್ದ ಹೆಂಗಸನ್ನು ಗೋಲಿಗೆ ನಿಲ್ಲಿಸಿದಳು. "ಹಿಡೀಬೇಡಿ, ತಡೀರಿ. ಕೈ, ಕಾಲು, ಹೊಟ್ಟೆ, ಏನಿದ್ರೆ ಅದರಲ್ಲಿ ತಡೀರಿ." ಕಪಾಟು ತಲೆಯಾಡಿಸಿ ಬಂದ ಚೆಂಡನ್ನೆಲ್ಲ ಹಿಡಿದು, ಬೆರಳು ಉಳುಕಿಸಿಕೊಂಡು, "ಹಿಡಿಯದೇ ಇರೋಕೆ ಆಗಲ್ಲ ಟೀಚರ್, ಕೆಳಗೆ ಬಿದ್ರೆ ಮೇಸ್ತ್ರಿ ಬಯ್ತಾರೆ," ಎಂದಳು.

ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಒಂದೋ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕೊಡಬೇಕು, ಇಲ್ಲವೇ ಹೊಡೆಯಬೇಕು. ಇದೆಲ್ಲ ನಿಧಾನಕ್ಕೆ ತಲೆಗೆ ಹತ್ತಿತು. ಹತ್ತದೇ ಹೋದದ್ದು ಒಂದೇ. ಯಾರೂ ಚೆಂಡನ್ನು ಕೊಟ್ಟವರಿಗೆ ತಿರುಗಿ ಕೊಡುತ್ತಿರಲಿಲ್ಲ. ಆರು ಜನ ಗೆರೆಯ ಸುತ್ತ ಹರಡಿ ನಿಲ್ಲುತ್ತಿದ್ದರು. ಎಡ ಮೂಲೆಯಿಂದ ಹೊರಟ ಚೆಂಡು ಕೈಯಿಂದ ಕೈಗೆ ಬಲ ಮೂಲೆಗೆ ಬಂದು ಅಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತು. ಲಾರಿ ಇರಲಿಲ್ಲ.

"ವಾಪಸ್ ಕೊಡ್ರಿ! ಬಂದ ಕಡೆಗೇ ವಾಪಸ್ ಕೊಡ್ರಿ! ಎದುರಾಳಿ ಈ ಕಡೆ ಓಡಿ ಬಂದಾಗ ಆ ಕಡೆ ಬಾಗಿಲು ತೆಗೆಯುತ್ತೆ!" ಟೀಚರ ಗಂಟಲು ಕಟ್ಟಿತು.

"ನಮ್ಮಲ್ಲಿ ಹಿಂದಕ್ಕೆ ಎಸೆಯೋ ಪದ್ಧತಿ ಇಲ್ಲ," ಎಂದಳು ದೊಡ್ಡಕ್ಕ. ಅವಳನ್ನು ಮುಂದಾಳೆಂದು ನಡುವೆ ನಿಲ್ಲಿಸಿದ್ದರು. ಎಡದಿಂದ ಬಂದ ಚೆಂಡು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಬಲದಿಂದ ತಿರುಗಿ ಬಂದರೆ?

"ಅದು ಇಟ್ಟಿಗೆ ದೊಡ್ಡಕ್ಕ, ಇದು ಚೆಂಡು."

"ಕೈ ಅದೇ ಅಲ್ವೇನಮ್ಮಾ? ಚೆಂಡಿಗೊಂದು ಬುದ್ಧಿ ಇಟ್ಟಿಗೆಗೊಂದು ಬುದ್ಧಿ ಕಲಿಸಿದ್ರೆ ನಾಳೆ ಗೂಡು ತೆಗೆದಾಗ ಯಾರ ಹಲ್ಲು ಉದುರುತ್ತೆ?"

ಉಳಿದವರೆಲ್ಲ ಹೌದು ಹೌದೆಂದರು. ಟೀಚರು ವಾದ ಮಾಡಲಿಲ್ಲ. ದೊಡ್ಡಕ್ಕನ ಬಲಕ್ಕೆ ನಿಂತಿದ್ದ ವಾರಗಿತ್ತಿಗೆ, "ನೀವೊಮ್ಮೆ ಕೊಟ್ಟು ನೋಡಿ," ಎಂದಳು. ವಾರಗಿತ್ತಿ ಅಳುಕಿದಳು. ಚೆಂಡನ್ನು ಕೈಯಲ್ಲಿ ತಿರುಗಿಸಿದಳು. "ಹೆಜ್ಜೆ ಆಯ್ತು, ಹೊತ್ತೂ ಆಯ್ತು, ಕೊಡಿ!" ಎಂದು ಟೀಚರು ಕೂಗಿದ್ದಕ್ಕೆ ಎಸೆದೇ ಬಿಟ್ಟಳು.

ಚೆಂಡು ದೊಡ್ಡಕ್ಕನ ಬಲಗೆನ್ನೆಗೆ ಪಟೀರೆಂದು ಬಡಿಯಿತು.

ಅಂಗಳವೆಲ್ಲ ಗೊಳ್ಳೆಂದಿತು. "ದೊಡ್ಡಕ್ಕಂಗೂ ಕಪಾಳಕ್ಕೆ ಕೊಡೋರು ಹುಟ್ಕೊಂಡ್ರಲ್ಲಪ್ಪಾ!" ಎಂದು ರೇಡಿಯೋ ಹೊಟ್ಟೆ ಹಿಡಿದುಕೊಂಡಳು. ದೊಡ್ಡಕ್ಕನೂ ನಕ್ಕಳು, ಕೆನ್ನೆ ಉಜ್ಜಿಕೊಂಡಳು. ನಗದೆ ಉಳಿದವರು ಇಬ್ಬರು, ಟೀಚರು ಮತ್ತು ವಾರಗಿತ್ತಿ.

ನೀರಿನ ತೊಟ್ಟಿಯ ಹತ್ತಿರ ದೊಡ್ಡಕ್ಕ ಮುಖ ತೊಳೆಯುತ್ತಿದ್ದಾಗ ಟೀಚರು ಪಕ್ಕಕ್ಕೆ ಬಂದು ನಿಂತಳು.

"ಮುಖಕ್ಕೆ ಏನಾದ್ರೂ ಬಂದ್ರೆ ಕಣ್ಣು ತಾನಾಗೇ ಮುಚ್ಚುತ್ತೆ ದೊಡ್ಡಕ್ಕ. ಮಕ್ಕಳಿಗೂ ಅಷ್ಟೇ, ದೊಡ್ಡೋರಿಗೂ ಅಷ್ಟೇ. ನಿಮ್ಮ ಕಣ್ಣು ಮುಚ್ಚಲಿಲ್ಲ."

ದೊಡ್ಡಕ್ಕ ಮತ್ತೊಂದು ಬೊಗಸೆ ನೀರು ಮುಖಕ್ಕೆ ಹಾಕಿಕೊಂಡಳು. ಆಮೇಲೆ ಇನ್ನೊಂದು. ಮುಖ ತೊಳೆಯುವುದು ಮುಗಿಯಲೇ ಇಲ್ಲ.

"ನಿಮ್ಮ ಮಾವಂಗೆ ಹೇಳ್ತೀಯೇನಮ್ಮಾ?" ಎಂದಳು ಕೊನೆಗೆ.

"ನಾನು ಹೇಳಲ್ಲ. ಅದು ನೀವು ಹೇಳೋ ಮಾತು." ಟೀಚರು ಅಂಗಳದ ಮೂಲೆಯತ್ತ ಕೈ ತೋರಿಸಿದಳು. "ನಾಳೆಯಿಂದ ನೀವು ನಡುವೆ ಬೇಡ. ಬಲ ಮೂಲೆಗೆ ಹೋಗಿ. ಅಲ್ಲಿ ನಿಂತರೆ ನಿಮ್ಮ ಬಲಕ್ಕೆ ಬರೀ ಗೆರೆ, ಅದರಾಚೆ ಯಾರೂ ಇಲ್ಲ. ಇಡೀ ಆಟ ನಿಮ್ಮ ಎಡಗಡೆ ಇರುತ್ತೆ. ಗೋಲು ಕಾಯೋಕೆ ಹಿಂದಕ್ಕೆ ಬರುವಾಗ ಬೆನ್ನು ತಿರುಗಿಸಬೇಡಿ, ಮುಖ ಹಾಗೇ ಇಟ್ಟು ಹಿಂದಡಿ ಇಡಿ."

"ಮೂಲೆಗೆ ತಳ್ತೀಯಾ ನನ್ನ?"

"ಮೂಲೆ ಅಂದ್ರೆ ಕಮ್ಮಿ ಅಂತ ಯಾರು ಹೇಳಿದ್ರು? ಅಲ್ಲಿಂದ ಗೋಲು ಓರೆಯಾಗಿ ಕಾಣುತ್ತೆ. ಹೊಡೆಯೋದು ಎಲ್ಲಕ್ಕಿಂತ ಕಷ್ಟ."

ಅಂದು ರಾತ್ರಿ ಊಟ ಮುಗಿದ ಮೇಲೆ ದೊಡ್ಡಕ್ಕ ಪಾತ್ರೆ ತೊಳೆಯಲು ಕೂತಳು. ಅಣ್ಣ ತಮ್ಮ ಇಬ್ಬರ ಸಂಸಾರಕ್ಕೂ ಅಡುಗೆಮನೆ ಒಂದೇ. ವಾರಗಿತ್ತಿ ಪಾತ್ರೆ ತಿಕ್ಕಿ ಕೊಡುತ್ತಿದ್ದಳು, ದೊಡ್ಡಕ್ಕ ತೊಳೆದು ಬೋರಲು ಹಾಕುತ್ತಿದ್ದಳು. ಇಲ್ಲಿಯೂ ಎಡದಿಂದ ಬಂದದ್ದು ಬಲಕ್ಕೆ.

"ನಂಗೆ ಬಲಗಣ್ಣು ಕಾಣಲ್ಲ ಕಣೆ," ಎಂದಳು, ಒಂದು ಬಟ್ಟಲಿಗೆ ಹೇಳಿದಂತೆ.

ವಾರಗಿತ್ತಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಅಕ್ಕ."

"ಗೊತ್ತಾ? ಯಾವಾಗಿಂದ?"

"ಯಾವಾಗಿಂದ ಅಂದ್ರೆ ಏನು ಹೇಳಲಿ. ಇಟ್ಟಿಗೆ ಒಂದೊಂದ್ಸಲ ಕೆಳಗೆ ಬರ್ತಿತ್ತು, ಒಂದೊಂದ್ಸಲ ಮೈಮೇಲೆ ಬರ್ತಿತ್ತು. ಸುಸ್ತು ಅಂದ್ಕೊಂಡೆ. ಆಮೇಲೆ ನೋಡಿದ್ರೆ ನೀನು ಎಸೆಯುವಾಗ ಕೋಳಿ ಥರ ಕತ್ತು ತಿರುಗಿಸ್ತಿದ್ದೆ. ಆಗಿಂದ ನಾನು ಅರ್ಧ ಹೆಜ್ಜೆ ಮುಂದೆ ನಿಲ್ತೀನಿ, ನಿನ್ನ ಈ ಕಣ್ಣಿಗೆ ಕಾಣಲಿ ಅಂತ. ನೀನು ಗಮನಿಸಲೇ ಇಲ್ಲ."

ದೊಡ್ಡಕ್ಕ ಅವಳ ಕೈ ಹಿಡಿದು ಬೆಳಕಿಗೆ ಎಳೆದಳು. ಒದ್ದೆಯಾಗದಿರಲೆಂದು ಮೇಲೆ ಸರಿಸಿದ್ದ ರವಿಕೆಯ ಉದ್ದ ತೋಳಿನ ಕೆಳಗೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಕಲೆಗಳು. ಕೆಲವು ಮಾಸುತ್ತಿದ್ದವು, ಕೆಲವು ಕಪ್ಪುಗಟ್ಟಿ ಉಳಿದಿದ್ದವು. ಸೆಕೆಗಾಲದಲ್ಲೂ ಇವಳು ಉದ್ದ ತೋಳು ತೊಡುವುದನ್ನು ಕಂಡು, "ಏನೇ, ರಾಣಿ ಆಗ್ಬಿಟ್ಯಾ?" ಎಂದು ಹಂಗಿಸಿದವಳು ತಾನೇ.

"ಯಾಕೆ ಹೇಳ್ಲಿಲ್ವೇ?"

"ಹೇಳಿದ್ರೆ ನೀನು ಮನೇಲಿ ಕೂರ್ತಿದ್ದೆ. ನೀನು ಮನೇಲಿ ಕೂತ್ರೆ ನಿನ್ನ ಕಾಟಕ್ಕೆ ನಾವು ಬದುಕೋದುಂಟಾ?" ಎಂದು ವಾರಗಿತ್ತಿ ನಗಲು ನೋಡಿದಳು. ನಗು ಅರ್ಧಕ್ಕೆ ನಿಂತಿತು.

ದೊಡ್ಡಕ್ಕ ಬಟ್ಟಲನ್ನು ಬೋರಲು ಹಾಕಿದಳು. ತನ್ನ ಕೈಯಿಂದ ಹೊರಟ ಇಟ್ಟಿಗೆ ನೆಲ ಕಂಡಿಲ್ಲ ಎಂಬ ಮಾತು ಸುಳ್ಳಾಗಿರಲಿಲ್ಲ. ಆದರೆ ಅದರ ಹಿರಿಮೆ ತನ್ನದಾಗಿರಲಿಲ್ಲ. ಅಡ್ಡಾದಿಡ್ಡಿ ಹೋದದ್ದನ್ನೆಲ್ಲ ಇವಳು ಮೈಯೊಡ್ಡಿ ಹಿಡಿದದ್ದಕ್ಕೆ ತನ್ನ ಹೆಸರು ಉಳಿದಿತ್ತು. ಇಷ್ಟು ಕಾಲ ಎದೆಯುಬ್ಬಿಸಿ ನಡೆದದ್ದು ಈ ಕಲೆಗಳ ಮೇಲೆ. ಗೂಡು ಆರುತ್ತಿದೆ, ಪಂದ್ಯದ ಮರುದಿನ ಬಾಯಿ ತೆಗೆಯುತ್ತಾರೆ. ಅಷ್ಟರೊಳಗೆ ತಾನು ಬಾಯಿ ತೆಗೆಯಬೇಕು. ತೆಗೆಯಬಲ್ಲೆನೇ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಮರುದಿನದಿಂದ ಅವಳು ಬಲ ಮೂಲೆಗೆ ಹೋದಳು. ಟೀಚರು ಹೇಳಿದ್ದು ನಿಜವಾಗಿತ್ತು. ಅಲ್ಲಿ ನಿಂತರೆ ಅಂಗಳವೆಲ್ಲ ಎಡಗಣ್ಣಿನೊಳಗೆ ಬಂದು ಕೂರುತ್ತಿತ್ತು. ಯಾರು ಎಲ್ಲಿ ಓಡುತ್ತಾರೆ, ಎಲ್ಲಿ ಸಂದು ಬಿಡುತ್ತದೆ, ಕಪಾಟು ದೂರದ ಗೋಲಿನಲ್ಲಿ ಯಾವ ಕಾಲು ಕೆರೆದುಕೊಳ್ಳುತ್ತಾಳೆ, ಎಲ್ಲ ಕಾಣುತ್ತಿತ್ತು. ಸಾಲಿನ ತಲೆಯಲ್ಲಿ ನಿಂತು ಅವಳು ಇಷ್ಟೆಲ್ಲ ನೋಡಿದ್ದೇ ಇರಲಿಲ್ಲ. ಅಲ್ಲಿಂದ ಕಾಣುತ್ತಿದ್ದದ್ದು ಇಟ್ಟಿಗೆ ರಾಶಿ ಮಾತ್ರ. ಜಿಗಿಯುವುದನ್ನೂ ಕಲಿತಳು. ಮೂಲೆಯಿಂದ ಗೋಲಿನತ್ತ ನೇರ ಜಿಗಿದರೆ ಕಂಬವೇ ಅಡ್ಡ. ಒಳಗಡೆಗೆ, ನಡುವಿನ ಕಡೆಗೆ ಜಿಗಿಯಬೇಕು. ಗಾಳಿಯಲ್ಲಿ ಇದ್ದಷ್ಟು ಹೊತ್ತು ಗೋಲು ಅಗಲವಾಗುತ್ತ ಹೋಗುತ್ತದೆ. ಮೊದಮೊದಲು ಎದ್ದುದಕ್ಕಿಂತ ಬಿದ್ದದ್ದೇ ಹೆಚ್ಚು. "ಈ ವಯಸ್ಸಲ್ಲಿ ಹಾರೋ ಹುಚ್ಚು," ಎಂದು ಗಂಡ ಮೊಣಕಾಲಿಗೆ ಎಣ್ಣೆ ತಿಕ್ಕಿದ.

ಪಂದ್ಯದ ದಿನ ಗಿರಣಿಯ ಅಂಗಳದ ಸುತ್ತ ಜನ. ಗಿರಣಿಯವರು ಚುರುಕು, ನೂಲಿನ ಎಳೆ ಹಿಡಿಯುವ ಬೆರಳುಗಳು. ಇಟ್ಟಿಗೆಯವರ ಗುಟ್ಟು ಅವರಿಗೆ ಬೇಗ ಸಿಕ್ಕಿತು. ಚೆಂಡು ಎಡದಿಂದ ಹೊರಟಿತೆಂದರೆ ಗಿರಣಿಯವರು ಬಲ ಮೂಲೆಗೆ ಓಡಿ ಗೋಡೆ ಕಟ್ಟುತ್ತಿದ್ದರು. ಅಲ್ಲಿ ದೊಡ್ಡಕ್ಕ ಚೆಂಡು ಹಿಡಿದು ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಮೂರು ಸೆಕೆಂಡು ಮುಗಿಯುತ್ತಿತ್ತು, ಸೀಟಿ ಕೂಗುತ್ತಿತ್ತು, ಚೆಂಡು ಅವರ ಪಾಲಾಗುತ್ತಿತ್ತು. ಗಿರಣಿಯ ಮೇಲ್ವಿಚಾರಕ, "ಲಾರಿ ಎಲ್ಲಿ ಮೇಸ್ತ್ರಿ, ಲಾರಿ ತರಿಸು!" ಎಂದು ಕೂಗಿದ. ಮೇಸ್ತ್ರಿ ತಲೆಯ ವಸ್ತ್ರ ತೆಗೆದು ಬೆವರು ಒರೆಸಿಕೊಂಡ.

ಬಿಡುವಿನಲ್ಲಿ ಟೀಚರು ಬಯ್ಯಲಿಲ್ಲ. "ಹೇಳೋದೆಲ್ಲ ಹೇಳಿದೀನಿ," ಎಂದು ನೀರು ಕೊಟ್ಟಳು, ಅಷ್ಟೇ.

ಎರಡನೆಯ ಅರ್ಧದಲ್ಲಿ ಚೆಂಡು ಮತ್ತೆ ಅದೇ ದಾರಿ ಹಿಡಿದು ಬಂತು. ವಾರಗಿತ್ತಿಯ ಕೈಯಿಂದ ದೊಡ್ಡಕ್ಕನ ಕೈಗೆ. ಗೋಡೆ ಓಡಿ ಬಂತು. ಗೋಡೆ ಹೊರಟುಬಂದ ಜಾಗದಲ್ಲಿ, ವಾರಗಿತ್ತಿಯ ಮುಂದೆ, ಬಾಗಿಲಷ್ಟು ಸಂದು. ದೊಡ್ಡಕ್ಕನ ಎಡಗಣ್ಣಿಗೆ ಅದು ನಿಚ್ಚಳವಾಗಿ ಕಂಡಿತು. ವಾರಗಿತ್ತಿ ಅರ್ಧ ಹೆಜ್ಜೆ ಮುಂದೆ ನಿಂತಿರುವುದೂ ಕಂಡಿತು. ಇಲ್ಲಿ ಅದರ ಅಗತ್ಯವಿರಲಿಲ್ಲ, ರೂಢಿಯಾಗಿಬಿಟ್ಟಿತ್ತು.

"ಹಾಂ!" ಎಂದಳು ದೊಡ್ಡಕ್ಕ. ಜೀವಮಾನದಲ್ಲಿ ಮೊದಲ ಸಲ, ಬಂದದ್ದನ್ನು ಬಂದ ಕಡೆಗೇ ಎಸೆದಳು.

ವಾರಗಿತ್ತಿ ಕಣ್ಣು ಬಿಟ್ಟುಕೊಂಡು ಚೆಂಡು ಹಿಡಿದಳು. "ಹೊಡಿಯೇ ಮಾರಾಯ್ತಿ!" ಎಂದು ರೇಡಿಯೋ ಕಿರುಚಿದ್ದೇ ತಡ, ಮೊಣಕೈ ಹೆಗಲಿಗಿಂತ ಮೇಲೆದ್ದಿತು, ಚೆಂಡು ಬಲೆಗೆ ಬಿತ್ತು.

ಆಮೇಲೆ ಕಟ್ಟು ಬಿಚ್ಚಿದ ಹಾಗಾಯಿತು. ಎಲ್ಲರೂ ಎಲ್ಲ ಕಡೆಗೂ ಕೊಡತೊಡಗಿದರು. ಗಿರಣಿಯವರು ಯಾವ ಕಡೆ ಓಡಬೇಕೆಂದು ತಿಳಿಯದೆ ತಡಬಡಿಸಿದರು. ಮೂಲೆಗೆ ಬಂದ ಗೋಡೆಯೂ ಅನುಮಾನಿಸಿ ಅರ್ಧಕ್ಕೆ ನಿಂತಿತು. ಅದೊಂದು ಸಲ ದೊಡ್ಡಕ್ಕ ಚೆಂಡು ಹಿಂದಕ್ಕೆ ಕೊಡುವಂತೆ ಕೈ ಬೀಸಿ, ಕೊಡದೆ, ಒಳಕ್ಕೆ ಜಿಗಿದಳು. ಗಾಳಿಯಲ್ಲಿ ಗೋಲು ಅಗಲವಾಗುತ್ತ ಬಂತು. ಇನ್ನೂ ಅಗಲವಾಗಲಿ ಎಂದು ಕಾಯುವಷ್ಟು ಧೈರ್ಯ ಎಲ್ಲಿಂದ ಬಂತೋ. ಬಿದ್ದಾಗ ಮೊಣಕಾಲು ತರಚಿತ್ತು, ಚೆಂಡು ಬಲೆಯಲ್ಲಿತ್ತು.

ಪಂದ್ಯ ಸೋತರು, ಒಂದೇ ಗೋಲಿನಿಂದ. ಮೇಸ್ತ್ರಿ ಗೆದ್ದವನಂತೆ ಎಲ್ಲರಿಗೂ ಚಹಾ ಕುಡಿಸಿದ.

ಮರುದಿನ ಬೆಳಗ್ಗೆ ಗೂಡಿನ ಬಾಯಿ ತೆಗೆದರು. ಬಿಸಿ ಗಾಳಿ ಮುಖಕ್ಕೆ ಬಂತು. ಹೆಂಗಸರು ಟ್ಯೂಬಿನ ತುಂಡು ಕಟ್ಟಿಕೊಂಡು ತಂತಮ್ಮ ಜಾಗಕ್ಕೆ ನಡೆದರು. ದೊಡ್ಡಕ್ಕ ಗೂಡಿನ ಬಾಯಿಗೆ ಹೋಗಿ, ಒಂದು ಇಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಆಮೇಲೆ ಸಾಲಿನ ಉದ್ದಕ್ಕೂ ನಡೆದು ಲಾರಿಯ ಹಿಂಬದಿಗೆ ಬಂದಳು. ಅಲ್ಲಿ ಜೋಡಿಸಲು ಹತ್ತುತ್ತಿದ್ದವಳು ರೇಡಿಯೋ.

"ನೀನು ಇಳಿ. ನಾನು ಹತ್ತೀನಿ."

"ಯಾಕಕ್ಕಾ, ನಿನ್ನೆ ಹಾರಿದ್ದು ಸಾಲದಾ, ಇವತ್ತು ಲಾರೀನೂ ಹಾರಬೇಕಾ?"

ಮೇಸ್ತ್ರಿ ಓಡಿ ಬಂದ. "ಏನಮ್ಮಾ ಇದು, ತಲೆ ಬಿಟ್ಟು ಬಾಲಕ್ಕೆ ಬಂದ್ಯಲ್ಲ?"

ದೊಡ್ಡಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು. "ನಂಗೆ ಬಲಗಣ್ಣು ಕಾಣಲ್ಲ ಮೇಸ್ತ್ರಿ. ಬಹಳ ದಿನದಿಂದ. ಬಲಕ್ಕೆ ಎಸೆಯೋ ಜಾಗದಲ್ಲಿ ನಾನು ನಿಲ್ಲಬಾರದಾಗಿತ್ತು, ನಿಂತೆ. ಪೆಟ್ಟು ತಿಂದವಳು ನನ್ನ ವಾರಗಿತ್ತಿ. ಲಾರಿ ಮೇಲೆ ನಂಗೆ ಎಡದಿಂದ ಬರುತ್ತೆ, ಬಲಕ್ಕೆ ಯಾರೂ ಇರಲ್ಲ. ಇಲ್ಲಿ ಜಾಗ ಇದ್ರೆ ಹೇಳು, ಇಲ್ಲಾಂದ್ರೆ ಮನೆಗೆ ಹೋಗ್ತೀನಿ."

ರೇಡಿಯೋ ಕೂಡ ಬಾಯಿಗೆ ಕೈ ಇಟ್ಟುಕೊಂಡು ನಿಂತಳು. ಮೇಸ್ತ್ರಿಗೆ ಸಿಟ್ಟು ಬಂತು, ಅದು ಮುಖದಲ್ಲಿ ಕಂಡಿತು. ಆಮೇಲೆ ಸಾಲನ್ನು ನೋಡಿದ, ಗೂಡನ್ನು ನೋಡಿದ.

"ನೀನು ಹೇಳಬೇಕಾಗಿತ್ತು ಕಣಮ್ಮಾ."

"ಹೌದು, ಹೇಳಬೇಕಾಗಿತ್ತು."

"ತಲೆಗೆ ಯಾರು ಹಾಗಾದ್ರೆ?"

"ಅವಳೇ. ನನ್ನ ಇಟ್ಟಿಗೆ ಹಿಡಿದವಳು ಯಾರಿಗೆ ಬೇಕಾದ್ರೂ ಎಸೀತಾಳೆ," ಎಂದು ದೊಡ್ಡಕ್ಕ ಲಾರಿ ಹತ್ತಿದಳು. ಮೇಸ್ತ್ರಿ ಬೇಡವೆನ್ನಲಿಲ್ಲ.

ಮೇಲಿನಿಂದ ಅಂಗಳವೆಲ್ಲ ಕಾಣುತ್ತಿತ್ತು. ನಿನ್ನೆಯ ಆಟದ ಮೂಲೆಯಂತೆಯೇ. ದೂರದ ತುದಿಯಲ್ಲಿ ವಾರಗಿತ್ತಿ ಇಟ್ಟಿಗೆ ತಟ್ಟಿದಳು, ಕಿವಿಗೊಟ್ಟಳು, ಸಣ್ಣ ದನಿಯಲ್ಲಿ "ಹಾಂ" ಎಂದಳು. "ಗಟ್ಟಿಯಾಗಿ ಕೂಗೇ!" ಎಂದಳು ದೊಡ್ಡಕ್ಕ. ಎರಡನೆಯ ಹಾಂ ಗಟ್ಟಿಯಾಗಿಯೇ ಬಂತು. ಸಾಲು ತೂಗತೊಡಗಿತು. ಇಟ್ಟಿಗೆಗಳು ಕೈಯಿಂದ ಕೈಗೆ ಹಾರಿ ಅವಳ ಎಡಗೈಗೆ ಬಂದು ಕೂತವು.

ಒಂದಷ್ಟು ಹೊತ್ತು ಕಳೆದ ಮೇಲೆ, ಜೋಡಿಸುವ ಮುನ್ನ ಹಳೆಯ ಚಾಳಿಯಿಂದ ಎರಡನ್ನು ತಟ್ಟಿದಳು. ಥಪ್ ಎಂದಿತು.

"ಏಯ್! ಇಲ್ಲೊಂದು ಹಸಿ ಬಂತು ಕಣೇ!"

ಗೂಡಿನ ಬಾಯಿಂದ ವಾರಗಿತ್ತಿ ಎರಡೂ ಕೈ ಮೇಲೆತ್ತಿ ಕೂಗಿದಳು. "ವಾಪಸ್ ಎಸೆಯಕ್ಕಾ, ಹಿಡೀತೀನಿ!"

ಸಾಲೆಲ್ಲ ನಕ್ಕಿತು. ದೊಡ್ಡಕ್ಕ ಆ ಹಸಿ ಇಟ್ಟಿಗೆಯನ್ನು ಕಾಲ ಬಳಿ ಇಟ್ಟು, ಮುಂದಿನದಕ್ಕೆ ಕೈ ಚಾಚಿದಳು.